ಗಾಲ್ಫ್ ‘ನೇರ ಪ್ರಸಾರ’ಕ್ಕೆ ಹಣ ಕಟ್ಟುವ ಮುನ್ನ ಗಂಟೆಗಳ ಲೆಕ್ಕ ಕೇಳಿ

2025ರ ಏಪ್ರಿಲ್‌ನಲ್ಲಿ ಮೈಸೂರಿನ ಇಟ್ಟಿಗೆಗೂಡಿನ ನಮ್ಮ ಮನೆಯಲ್ಲಿ ನಡೆದದ್ದನ್ನು, ಗಾಲ್ಫ್ ಪಂದ್ಯಗಳನ್ನು ನೋಡಲೆಂದು ಕ್ರೀಡಾ ಪ್ಯಾಕ್ ಕೊಳ್ಳಲು ಹೊರಟಿರುವವರಿಗೆ ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಅವರು ಏನು ಹೇಳಿ ಮಾರಿದರು, ಏನನ್ನು ಹೇಳದೆ ಬಿಟ್ಟರು ಎಂಬುದು ಗೊತ್ತಾದರೆ ಸಾಕು.

ನಮ್ಮ ತಂದೆಯವರು ಚಾಮುಂಡಿ ಬೆಟ್ಟದ ಬುಡದಲ್ಲಿರುವ ಗಾಲ್ಫ್ ಮೈದಾನದಲ್ಲಿ ಸುಮಾರು ಮೂವತ್ತೈದು ವರ್ಷ ಕ್ಯಾಡಿಯಾಗಿದ್ದವರು, ಎಂದರೆ ಆಟಗಾರರ ಚೀಲ ಹೊತ್ತು ಜೊತೆಯಲ್ಲಿ ನಡೆಯುತ್ತಿದ್ದವರು. ಮಂಡಿ ಸವೆದ ಮೇಲೆ ಅತ್ತ ಹೋಗುವುದನ್ನು ಬಿಟ್ಟಿದ್ದಾರೆ, ಆದರೆ ಆಟದ ಮೇಲಿನ ಪ್ರೀತಿ ಬಿಟ್ಟಿಲ್ಲ. 2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಡೆಯ ಹೋಲ್‌ನವರೆಗೂ (ಒಂದು ಸುತ್ತಿನಲ್ಲಿ ಚೆಂಡನ್ನು ಸೇರಿಸಬೇಕಾದ ಹದಿನೆಂಟು ಕುಳಿಗಳಲ್ಲಿ ಕಡೆಯದು) ಪದಕಕ್ಕಾಗಿ ಹೋರಾಡಿ ನಾಲ್ಕನೆಯವರಾದಾಗ, ಗಾಲ್ಫ್ ಎಂದರೇನೆಂದೇ ತಿಳಿಯದ ನಮ್ಮ ನೆರೆಹೊರೆಯವರಿಗೆ ಬೆಳಗಿನಿಂದಲೂ ಪಕ್ಕದಲ್ಲಿ ಕೂತು ಒಂದೊಂದು ಹೊಡೆತವನ್ನೂ ವಿವರಿಸಿದವರು ಅವರೇ. ಏಪ್ರಿಲ್‌ನಲ್ಲಿ ಗುರುವಾರದಿಂದ ಭಾನುವಾರದವರೆಗೆ ಅಮೆರಿಕದಲ್ಲಿ ನಡೆಯುವ ದೊಡ್ಡ ಗಾಲ್ಫ್ ಪಂದ್ಯವಾದ ಮಾಸ್ಟರ್ಸ್ ಅನ್ನು ಒಮ್ಮೆಯಾದರೂ ನಾಲ್ಕು ದಿನವೂ ಕೂತು ನೋಡಬೇಕೆಂಬುದು ಅವರ ಬಹಳ ದಿನಗಳ ಆಸೆ. ಅಲ್ಲಿನ ಕ್ಯಾಡಿಗಳು ಬಿಳಿಯ ಮೇಲುಡುಗೆ ತೊಟ್ಟಿರುತ್ತಾರೆ ಮತ್ತು ಹಿಂದಿನ ವರ್ಷ ಗೆದ್ದವರ ಕ್ಯಾಡಿಯ ಎದೆಯ ಮೇಲೆ 1 ಎಂಬ ಸಂಖ್ಯೆ ಇರುತ್ತದೆ ಎಂಬುದನ್ನು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

‘ನಾಲ್ಕೂ ದಿನ ನೇರ ಪ್ರಸಾರ’ ಎಂಬ ಜಾಹೀರಾತನ್ನು ನೋಡಿ ಒಂದು ಆ್ಯಪ್‌ನ ವಾರ್ಷಿಕ ಕ್ರೀಡಾ ಪ್ಯಾಕ್‌ಗೆ 1,499 ರೂಪಾಯಿ ಕಟ್ಟಿದೆ. ಗುರುವಾರ ಸಂಜೆ ಐದೂವರೆಗೇ ತಂದೆಯವರು ಮುಖ ತೊಳೆದು ಟಿವಿಯ ಮುಂದೆ ಕೂತರು. ಏಪ್ರಿಲ್‌ನಲ್ಲಿ, ಪಂದ್ಯ ನಡೆಯುವ ಅಮೆರಿಕದ ಅಗಸ್ಟಾ ನಗರದ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿರುವುದರಿಂದ, ಅಲ್ಲಿ ಬೆಳಗಿನ ಎಂಟು ಗಂಟೆಯ ಆಟ ನಮಗೆ ಸಂಜೆ ಐದೂವರೆಗೆ ಕಾಣಬೇಕೆಂದು ಅವರೇ ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಪರದೆಯ ಮೇಲೆ ಹಳೆಯ ಪಂದ್ಯಗಳ ತುಣುಕುಗಳು ಬಿಟ್ಟರೆ ಬೇರೇನೂ ಇರಲಿಲ್ಲ. ಏಳು ಗಂಟೆಯಾಯಿತು, ಒಂಬತ್ತಾಯಿತು, ಊಟವೂ ಆಯಿತು. ನೇರ ಪ್ರಸಾರ ಆರಂಭವಾದದ್ದು ರಾತ್ರಿ ಹನ್ನೆರಡೂವರೆಗೆ. ಕಡಿಮೆ ಹೊಡೆತ ಹೊಡೆದವರೇ ಗೆಲ್ಲುವ ಈ ಆಟದಲ್ಲಿ ಅಂದು 65 ಹೊಡೆತಗಳಲ್ಲಿ ಸುತ್ತು ಮುಗಿಸಿ ಎಲ್ಲರಿಗಿಂತ ಮುಂದಿದ್ದ ಜಸ್ಟಿನ್ ರೋಸ್ ಅವರ ಆಟವೆಲ್ಲ ಅಷ್ಟರಲ್ಲಿ ಮುಗಿದೇ ಹೋಗಿತ್ತು.

ಸಹಾಯವಾಣಿಗೆ ಫೋನ್ ಮಾಡಿದರೆ, ‘ಸರ್, ನೇರ ಪ್ರಸಾರ ನಾಲ್ಕೂ ದಿನ ಇದೆ, ಸಮಯ ನಮ್ಮ ಕೈಯಲ್ಲಿಲ್ಲ’ ಎಂಬ ಉತ್ತರ ಬಂತು. ಈ ಮಾತಿನಲ್ಲಿ ಅರ್ಧ ನಿಜವಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಮಾಸ್ಟರ್ಸ್ ಪಂದ್ಯವನ್ನು ಎಷ್ಟು ಹೊತ್ತು ತೋರಿಸಬೇಕೆಂಬುದನ್ನು ಅದನ್ನು ನಡೆಸುವ ಅಗಸ್ಟಾ ನ್ಯಾಷನಲ್ ಕ್ಲಬ್ಬೇ ನಿರ್ಧರಿಸುತ್ತದೆ. 1956ರಿಂದ ಅಮೆರಿಕದಲ್ಲಿ ಇದನ್ನು ತೋರಿಸುತ್ತಿರುವ ಸಿಬಿಎಸ್ ವಾಹಿನಿಯೊಂದಿಗೂ ಕ್ಲಬ್ ಒಂದೊಂದೇ ವರ್ಷದ ಒಪ್ಪಂದ ಮಾಡಿಕೊಳ್ಳುತ್ತದೆ, ಗಂಟೆಗೆ ಸುಮಾರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಜಾಹೀರಾತಿಗೆ ಅವಕಾಶ ಕೊಡುವುದಿಲ್ಲ. ಕೊನೆಯ ದಿನ ಮುಂಚೂಣಿಯಲ್ಲಿರುವ ಆಟಗಾರರ ಹದಿನೆಂಟೂ ಹೋಲ್‌ಗಳನ್ನು ನೇರವಾಗಿ ತೋರಿಸಲು ಆರಂಭಿಸಿದ್ದೇ 2002ರಲ್ಲಿ, ಅಲ್ಲಿಯವರೆಗೆ ಮೊದಲ ಒಂಬತ್ತು ಹೋಲ್‌ಗಳಲ್ಲಿ ಏನು ನಡೆಯಿತೆಂಬುದನ್ನು ಅಮೆರಿಕದವರೂ ಪೂರ್ತಿಯಾಗಿ ನೋಡಲಾಗುತ್ತಿರಲಿಲ್ಲ. 2025ರಲ್ಲಿಯೂ ಮೊದಲೆರಡು ದಿನ ಅಲ್ಲಿನ ದೂರದರ್ಶನದಲ್ಲಿ ಮುಖ್ಯ ಪ್ರಸಾರ ಆರಂಭವಾದದ್ದು ಮಧ್ಯಾಹ್ನ ಮೂರಕ್ಕೆ, ಎಂದರೆ ನಮ್ಮ ರಾತ್ರಿ ಹನ್ನೆರಡೂವರೆಗೆ. ಇದು ಮಾರುವವರಿಗೆ ಮೊದಲೇ ತಿಳಿದಿರುತ್ತದೆ. ದಿನಗಳ ಸಂಖ್ಯೆಯನ್ನು ದೊಡ್ಡಕ್ಷರಗಳಲ್ಲಿ ಹಾಕಿ, ಗಂಟೆಗಳನ್ನು ಎಲ್ಲಿಯೂ ಹೇಳದೆ ಹಣ ತೆಗೆದುಕೊಂಡದ್ದೇ ನನ್ನ ದೂರು.

ಭಾನುವಾರ ರಾತ್ರಿಯ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತಂದೆಯವರು ಹಳೆಯ ಕ್ಯಾಲೆಂಡರ್‌ನ ಹಾಳೆಯನ್ನು ಮಗುಚಿ, ಅಡಿಕೋಲಿನಿಂದ ಹದಿನೆಂಟು ಮನೆಗಳನ್ನು ಎಳೆದುಕೊಂಡು, ಅಂದು ಮುಂಚೂಣಿಯಲ್ಲಿದ್ದ ರೋರಿ ಮ್ಯಾಕಿಲ್‌ರಾಯ್ ಅವರ ಪ್ರತಿ ಹೋಲ್‌ನ ಹೊಡೆತಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ನಾಲ್ಕರಲ್ಲಿ ಮುಗಿಯಬೇಕಾದ ಮೊದಲ ಮನೆಯಲ್ಲಿ 6 ಬಿತ್ತು. ಹದಿಮೂರನೆಯ ಹೋಲ್‌ನಲ್ಲಿ ಚೆಂಡು ತೊರೆಗೆ ಉರುಳಿದಾಗ ‘ಅಯ್ಯೋ, ಇದೇನಪ್ಪಾ’ ಎಂದು ತಲೆಯ ಮೇಲೆ ಕೈಯಿಟ್ಟುಕೊಂಡು, 7 ಎಂದು ಬರೆದು ಸುತ್ತ ಒಂದು ವೃತ್ತ ಎಳೆದರು. ಫ್ಲಾಸ್ಕಿನ ಕಾಫಿ ಮೂರು ಗಂಟೆಗೇ ಖಾಲಿಯಾಗಿತ್ತು. ಹದಿನೆಂಟನೆಯ ಹೋಲ್‌ನಲ್ಲಿ ಗೆಲುವಿಗೆ ಬೇಕಾಗಿದ್ದ ಸಣ್ಣ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ತಪ್ಪಿ, ಮ್ಯಾಕಿಲ್‌ರಾಯ್ ಮತ್ತು ರೋಸ್ ಸಮಬಲದಲ್ಲಿ ನಿಂತರು. ಇಬ್ಬರೂ ಪ್ಲೇಆಫ್‌ಗಾಗಿ, ಎಂದರೆ ಗೆದ್ದವರನ್ನು ತೀರ್ಮಾನಿಸುವ ಹೆಚ್ಚುವರಿ ಆಟಕ್ಕಾಗಿ, ಮತ್ತೆ ಅದೇ ಹೋಲ್‌ಗೆ ಹೊರಡಬೇಕು. ತಂದೆಯವರು ಹಾಳೆಯ ಅಂಚಿನಲ್ಲಿ ಹತ್ತೊಂಬತ್ತನೆಯ ಮನೆಯೊಂದನ್ನು ಎಳೆದುಕೊಂಡರು. ಆಗ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಪರದೆ ಒಂದು ಕ್ಷಣ ಕಪ್ಪಾಗಿ, ಹಿಂದಿನ ದಿನದ ಕ್ರಿಕೆಟ್ ಪಂದ್ಯದ ಮರುಪ್ರಸಾರ ಶುರುವಾಯಿತು.

ನಿಗದಿತ ಸಮಯ ಮುಗಿದಿತ್ತು, ಅಷ್ಟೇ. ರಿಮೋಟ್ ಒತ್ತಿ, ಆ್ಯಪ್ ಮುಚ್ಚಿ ತೆರೆದು, ನಾನು ಪರದಾಡುತ್ತಿದ್ದ ಕೆಲವೇ ನಿಮಿಷಗಳಲ್ಲಿ ಮ್ಯಾಕಿಲ್‌ರಾಯ್ ಗೆದ್ದು, ಮೇಜರ್ ಎಂದು ಕರೆಯುವ ಗಾಲ್ಫ್‌ನ ನಾಲ್ಕೂ ದೊಡ್ಡ ಪ್ರಶಸ್ತಿಗಳನ್ನು ವೃತ್ತಿಜೀವನದಲ್ಲಿ ಪಡೆದ ಆರನೆಯ ಆಟಗಾರರಾದರು. ಇಡೀ ರಾತ್ರಿ ಎದ್ದಿದ್ದ ಮನುಷ್ಯನಿಗೆ ಅದು ಗೊತ್ತಾದದ್ದು ಬೆಳಿಗ್ಗೆ ನನ್ನ ಫೋನಿನ ಸುದ್ದಿಯಿಂದ. ಹತ್ತೊಂಬತ್ತನೆಯ ಮನೆಯನ್ನು ಅವರು ತುಂಬಲಿಲ್ಲ. ‘ನೋಡದೇ ಇರೋದನ್ನ ಹೆಂಗಪ್ಪ ಬರೀಲಿ’ ಎಂದರು.

ಹಣ ವಾಪಸು ಕೇಳಿದೆ, ಬರಲಿಲ್ಲ. ವಾರ್ಷಿಕ ಪ್ಯಾಕ್‌ಗೆ ಮರುಪಾವತಿ ಇಲ್ಲವೆಂದು ಷರತ್ತಿನಲ್ಲಿದೆ ಎಂದರು. ಜಾಹೀರಾತನ್ನು ಪುರಾವೆಯಾಗಿ ತೋರಿಸೋಣವೆಂದರೆ ಅಷ್ಟರಲ್ಲಿ ಅದನ್ನು ತೆಗೆದುಹಾಕಿದ್ದರು, ನನ್ನ ಬಳಿ ಸ್ಕ್ರೀನ್‌ಶಾಟ್ ಇರಲಿಲ್ಲ. ದಯವಿಟ್ಟು ಹಣ ಕಟ್ಟುವ ಮುನ್ನವೇ ಆ ಚಿತ್ರವನ್ನು ತೆಗೆದಿಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ ಮೇಲೆ, ಮುಂದಿನ ವರ್ಷ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಆಟೋಪೇ ವ್ಯವಸ್ಥೆಯನ್ನು ಮಾತ್ರ ರದ್ದು ಮಾಡಿದರು. ಕಂಪನಿಯ ಕಚೇರಿ ಯಾವ ಊರಿನಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದೆಂಬುದು ಕೂಡ ನನಗೆ ಆಮೇಲೆ ತಿಳಿಯಿತು.

ಹಾಗಾಗಿ ‘ನೇರ ಪ್ರಸಾರ ಇದೆಯೇ’ ಎಂದು ಕೇಳಬೇಡಿ, ‘ಇದೆ’ ಎಂಬ ಉತ್ತರವೇ ಬರುತ್ತದೆ. ಭಾರತೀಯ ಕಾಲಮಾನದಲ್ಲಿ ಪ್ರತಿ ದಿನ ಎಷ್ಟು ಗಂಟೆಗೆ ಆರಂಭ, ಆಟ ತಡವಾದರೆ ಅಥವಾ ಪ್ಲೇಆಫ್‌ಗೆ ಹೋದರೆ ಕೊನೆಯ ಪಟ್‌ವರೆಗೂ ತೋರಿಸುತ್ತೀರಾ, ಮಳೆಯಿಂದ ಸಮಯ ಬದಲಾದರೆ ತಿಳಿಸುತ್ತೀರಾ ಎಂದು ಬರಹದಲ್ಲಿ ಕೇಳಿ. ಮಳೆಯ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. 2019ರಲ್ಲಿ ಬಿರುಗಾಳಿಯ ಮುನ್ಸೂಚನೆಯಿಂದಾಗಿ ಕಡೆಯ ದಿನದ ಆಟವನ್ನು ಬೆಳಿಗ್ಗೆಗೇ ತಂದಾಗ, ಟೈಗರ್ ವುಡ್ಸ್ ತಮ್ಮ ಐದನೆಯ ಮಾಸ್ಟರ್ಸ್ ಪ್ರಶಸ್ತಿಗಾಗಿ ಆಡಲಿಳಿದದ್ದು ನಮ್ಮ ಸಂಜೆ ಏಳರ ಸುಮಾರಿಗೆ. ಎಂದಿನಂತೆ ರಾತ್ರಿ ಹನ್ನೊಂದೂವರೆಗೆ ಟಿವಿ ಹಾಕಿದವರಿಗೆ ಉಳಿದದ್ದು ಕಡೆಯ ಕೆಲವು ಹೋಲ್‌ಗಳು ಮಾತ್ರ. ರೆಕಾರ್ಡಿಂಗ್ ಇಟ್ಟು ಮಲಗುತ್ತೇನೆ ಎನ್ನುವವರೂ ಗಮನಿಸಿ, ಸೆಟ್ ಟಾಪ್ ಬಾಕ್ಸ್ ಕಾರ್ಯಕ್ರಮ ಪಟ್ಟಿಯ ಸಮಯಕ್ಕೆ ನಿಂತುಬಿಟ್ಟರೆ ಪ್ಲೇಆಫ್ ಅದರಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಮುಂದಿನ ಎರಡು ಗಂಟೆಯ ಕಾರ್ಯಕ್ರಮಕ್ಕೂ ರೆಕಾರ್ಡಿಂಗ್ ಇಡಿ. ಕೇಬಲ್ ಅಥವಾ ಡಿಟಿಎಚ್ ಇರುವವರು, 2019ರಿಂದ ಜಾರಿಯಲ್ಲಿರುವ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಬೇಕಾದ ವಾಹಿನಿಯೊಂದನ್ನೇ ಬಿಡಿಯಾಗಿ ಆರಿಸಿಕೊಳ್ಳಬಹುದು. ಒಂದು ತಿಂಗಳಿಗೆ ಹಾಕಿಸಿ ನೋಡಿದ್ದರೆ ವರ್ಷದ ಹಣ ಹೋಗುತ್ತಿರಲಿಲ್ಲ.

ಜುಲೈನಲ್ಲಿ ನಡೆಯುವ ಬ್ರಿಟನ್ನಿನ ಓಪನ್ ಪಂದ್ಯ ನಮಗೆ ಅನುಕೂಲದ್ದು. ಆಗ ಅಂತರ ನಾಲ್ಕೂವರೆ ಗಂಟೆ ಮಾತ್ರವಾದ್ದರಿಂದ ಅಲ್ಲಿ ಬೆಳಗಿನ ಆಟ ಇಲ್ಲಿ ಮಧ್ಯಾಹ್ನದ ಹೊತ್ತಿಗೆ ಬೀಳುತ್ತದೆ, ತಂದೆಯವರು ರಾತ್ರಿ ಎದ್ದಿರಬೇಕಾಗಿಲ್ಲ. ಅದಕ್ಕಾಗಿ ಬೇರೊಂದು ವಾಹಿನಿಯವರಿಗೆ ಈ ಪ್ರಶ್ನೆಗಳನ್ನೆಲ್ಲ ಇಮೇಲ್‌ನಲ್ಲಿ ಕಳುಹಿಸಿದ್ದೇನೆ. ಗಂಟೆಗಳನ್ನು ನಮೂದಿಸಿದ ಉತ್ತರ ಬಂದ ಮೇಲೆಯೇ ಹಣ ಕಟ್ಟುತ್ತೇನೆ.