ಬೇಸಿಗೆ ರಜೆಗೆ ತಾರೀಖಿಲ್ಲದ ಪ್ಲಾನರ್: ಮುಂಬಯಿ ಟೀಚರುಗಳಿಗೆ ಹೇಗಿದೆ?

ಇಲ್ಲಿನ ಶಾಲೆಗಳ ರಜೆ ಮೇ ಆರಂಭದಿಂದ ಜೂನ್ ನಡುವಿನವರೆಗೆ, ಹೆಚ್ಚುಕಡಿಮೆ 6 ವಾರ. ಇದಕ್ಕೆ ವರ್ಷದ ಡೈರಿ ದಂಡ. ತಾರೀಖು ಅಚ್ಚಾಗದ ಎ5 (ಎ4 ಹಾಳೆಯ ಅರ್ಧದಳತೆ) ಪ್ಲಾನರೇ ಸರಿ. ವಾರಕ್ಕೆರಡು ಪುಟ, 12 ಪುಟದಲ್ಲಿ ರಜೆ ಮುಗಿಯುತ್ತದೆ.

ಕಾಗದ 100 ಜಿಎಸ್‌ಎಂ (ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಇರಲಿ. ತೆಳುವಾದರೆ ಮೇ ತಿಂಗಳ ಸೆಕೆಗೆ ಹಾಳೆ ಮೆತ್ತಗಾಗಿ ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಇಳಿಯುತ್ತದೆ. ಸ್ಪೈರಲ್ ತಂತಿ ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಚೀಲದೊಳಗೇ ಬಾಗುತ್ತದೆ; ಹೊಲಿಗೆ ಬೈಂಡಿಂಗ್ ಕೇಳಿ ತಗೊಳ್ಳಿ.

ಪ್ಲಾನರಿನಲ್ಲಿ ಗುರಿ ಬರೆಯಲು ವಾರಕ್ಕೆ ಹತ್ತು ಗೆರೆ ಕೊಟ್ಟಿರುವುದು ಮಾತ್ರ ಅತಿಯಾಯಿತು. ಮೂರೇ ತುಂಬಿಸಿ. ‘ಓದಬೇಕು’ ಎಂದಲ್ಲ, ‘ಬೆಳಿಗ್ಗೆ 7ಕ್ಕೆ 20 ಪುಟ’ ಎಂದು ಬರೆಯಿರಿ. ಊರಿಗೆ ಹೋಗಿಬರುವ ವಾರಕ್ಕೆ ಮೊದಲೇ ಅಡ್ಡಗೆರೆ ಎಳೆಯಿರಿ, ಪಟ್ಟಿ ಕೆಡುವುದು ಅಲ್ಲೇ. ಕೊನೆಯ ವಾರ ಪಾಠದ ತಯಾರಿಗೆ ಮೀಸಲು.