ಮಳೆಗಾಲಕ್ಕೆ ಹಳೇಬೀಡು, ಮಾಗಿಗೆ ಕುದುರೆಮುಖ

ಹಾಸನದಲ್ಲಿ ಮನೆ ಇದ್ದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬೆಂಗಳೂರಿಂದ ನೆಂಟರ ಫೋನು. "ಎರಡು ದಿನ ರಜಾ ಇದೆ. ಬೇಲೂರು-ಹಳೇಬೀಡು ನೋಡೋದಾ, ಇಲ್ಲ ಚಿಕ್ಕಮಗಳೂರು ಕಡೆ ಬೆಟ್ಟ ಹತ್ತೋದಾ?" ನಾನು ಎರಡನ್ನೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರ ಜೊತೆ ಸುತ್ತಿದ್ದೇನೆ. ನನ್ನ ಉತ್ತರ ಜನ ಮಾಡುವುದಕ್ಕೆ ಪೂರ್ತಿ ಉಲ್ಟಾ: ಮಳೆಗಾಲದಲ್ಲಿ ದೇವಸ್ಥಾನ ನೋಡಿ, ಮಳೆ ನಿಂತ ಮೇಲೆ ಬೆಟ್ಟಕ್ಕೆ ಹೋಗಿ.

ಜನ ಏನು ಮಾಡುತ್ತಾರೆ? ಜುಲೈ ಬಂತು ಅಂದರೆ ಹಸಿರು ನೋಡಬೇಕು ಅಂತ ಘಟ್ಟದ ಕಡೆ ಗಾಡಿ ತಿರುಗಿಸುತ್ತಾರೆ. ಏಪ್ರಿಲ್‌ನಲ್ಲಿ ಮಕ್ಕಳ ಪರೀಕ್ಷೆ ಮುಗಿಯಿತು ಅಂತ ಬೇಲೂರಿಗೆ ಬರುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಮಟಮಟ ಮಧ್ಯಾಹ್ನ ಅಂಗಳದ ಕಲ್ಲುಹಾಸು ಕಾವಲಿ ಹಾಗೆ ಕಾದಿರುತ್ತದೆ. ಶಿಲ್ಪ ನೋಡುವುದಿರಲಿ, ನೆರಳಿಂದ ನೆರಳಿಗೆ ಓಡುವುದೇ ಕೆಲಸ. "ಬೇಲೂರು ಅರ್ಧ ಗಂಟೇಲಿ ಮುಗೀತು" ಅನ್ನುವವರನ್ನು ಕೇಳಿ ನೋಡಿ, ಬಹಳ ಜನ ಬೇಸಿಗೆಯಲ್ಲಿ ಹೋದವರೇ.

ಮೋಡ ಕವಿದ ದಿನ ಅದೇ ಜಾಗ ಬೇರೆಯೇ. ಕಲ್ಲು ತಣ್ಣಗಿರುತ್ತದೆ, ಎಷ್ಟು ಹೊತ್ತು ಬೇಕಾದರೂ ಜಗತಿಯ (ದೇವಸ್ಥಾನ ನಿಂತಿರುವ ಎತ್ತರದ ಕಟ್ಟೆ) ಮೇಲೆ ನಿಲ್ಲಬಹುದು. ಒಂದು ಹದ ಮಳೆ ಬಿದ್ದು ನಿಂತ ಮೇಲಂತೂ ಬಳಪದ ಕಲ್ಲಿನ ಬಣ್ಣ ಗಾಢವಾಗಿ, ಕೆತ್ತನೆಯ ಗೆರೆಗಳು ಎದ್ದು ಕಾಣುತ್ತವೆ. ಈ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಅದಕ್ಕೇ ಹೊಯ್ಸಳರ ಶಿಲ್ಪಿಗಳಿಗೆ ಬಳೆ, ಸರ, ಜಡೆಯನ್ನೆಲ್ಲ ಅಷ್ಟು ಸಣ್ಣದಾಗಿ ಬಿಡಿಸಲು ಸಾಧ್ಯವಾಗಿದ್ದು.

ಇನ್ನೊಂದು ಲೆಕ್ಕವೂ ಇದೆ. ಘಟ್ಟದ ಅಂಚಿಂದ ಪೂರ್ವಕ್ಕೆ ಬಂದಷ್ಟೂ ಮಳೆ ಕಡಿಮೆ. ಸಕಲೇಶಪುರದಲ್ಲಿ ಜಡಿಮಳೆ ಹಿಡಿದ ದಿನ ಬೇಲೂರಲ್ಲಿ ಹನಿಮಳೆ ಇರುತ್ತದೆ, ಹಳೇಬೀಡಲ್ಲಿ ಬರೀ ಮೋಡ. ಬೇಲೂರು-ಹಳೇಬೀಡಿನ ಮಧ್ಯೆ ಇರುವುದು 16 ಕಿಲೋಮೀಟರ್ ಮಾತ್ರ. ಬೆಳಿಗ್ಗೆ ಬೇಲೂರಲ್ಲಿ ಮಳೆ ಜೋರಾದರೆ ಮೊದಲು ಹಳೇಬೀಡಿಗೆ ಹೋಗಿಬಿಡಿ, ಅಷ್ಟೇ.

ಬೇಲೂರಿನ ಚೆನ್ನಕೇಶವ ದೇವಸ್ಥಾನ ವಿಷ್ಣುವರ್ಧನನ ಕಾಲದ್ದು, 1117ರಲ್ಲಿ ಪ್ರತಿಷ್ಠೆಯಾಗಿದ್ದು. ಹಳೇಬೀಡಿನ ಹೊಯ್ಸಳೇಶ್ವರ ಅದರ ಹಿಂದೆಯೇ ಶುರುವಾಯಿತು. 2023ರಲ್ಲಿ ಸೋಮನಾಥಪುರದ ಜೊತೆ ಇವೆರಡೂ ಯುನೆಸ್ಕೋ ಪಟ್ಟಿಗೆ ಸೇರಿದವು. ಆಮೇಲೆ ಜನ ಜಾಸ್ತಿ ಆಗಿದ್ದಾರೆ, ಅದರಲ್ಲೂ ಭಾನುವಾರ. ವಾರದ ನಡುವೆ ಹೋದರೆ ಉತ್ತಮ.

ಬೇಲೂರಿಗೆ ಗೈಡ್ ಬೇಕೇ ಬೇಕು. ಸುಮ್ನೆ ಸುತ್ತು ಹಾಕಿದರೆ ಏನೂ ದಕ್ಕುವುದಿಲ್ಲ. ಮದನಿಕೆಯರು, ಅಂದರೆ ಹೆಣ್ಣಿನ ಶಿಲ್ಪಗಳು, ಸೂರಿನ ಕೆಳಗೆ ಎತ್ತರದಲ್ಲಿದ್ದಾರೆ, ಕತ್ತು ನೋಯುತ್ತದೆ. ಅವರಲ್ಲಿ ಒಬ್ಬಳ ತಲೆಯ ಮೇಲೆ ಎಲೆ-ಹಣ್ಣಿನ ಚಪ್ಪರ ಇದೆ. ಅದರ ಮೇಲೊಂದು ನೊಣ, ನೊಣ ಹಿಡಿಯಲು ಹೊಂಚು ಹಾಕಿದ ಒಂದು ಹಲ್ಲಿ. ನಮ್ಮ ಗೈಡ್ ಅವ್ವನ ಪಕ್ಕ ನಿಂತು, "ಅಮ್ಮಾ, ನನ್ನ ಬೆರಳ ನೇರಕ್ಕೆ ನೋಡಿ" ಅಂತ ತಾಳ್ಮೆಯಿಂದ ತೋರಿಸಿದರು. ಅವ್ವನಿಗೆ ದೃಷ್ಟಿ ಮಂದ. ಹಲ್ಲಿ ಕಂಡ ಕೂಡಲೇ "ಅಯ್ಯೋ, ಹೌದಲ್ಲೋ!" ಅಂದರು. ಮನೆಗೆ ಬಂದು ಅಕ್ಕಪಕ್ಕದವರಿಗೆಲ್ಲ ಹೇಳಿದ್ದು ಚೆನ್ನಕೇಶವನ ಬಗ್ಗೆ ಅಲ್ಲ, ಆ ಹಲ್ಲಿಯ ಬಗ್ಗೆ. ಪೀಠಗಳ ಮೇಲೆ ಶಿಲ್ಪಿಗಳ ಹೆಸರೂ ಇವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಒಂಬೈನೂರು ವರ್ಷದ ಹಿಂದೆ ಕೆಲಸ ಮಾಡಿದವನ ಹೆಸರು, ಊರು ಹೀಗೆ ಸಿಗುವುದು ಅಪರೂಪ ಅಲ್ವಾ?

ಹಳೇಬೀಡು ನನಗೆ ಬೇಲೂರಿಗಿಂತ ಒಂದು ಕೈ ಹೆಚ್ಚು ಇಷ್ಟ. ಗೋಪುರ ಇಲ್ಲ, ಪೂಜೆಯ ಗದ್ದಲ ಕಡಿಮೆ, ಸುತ್ತ ಹುಲ್ಲುಹಾಸು. ಕೆತ್ತನೆಯೂ ಕಣ್ಣಿನ ಎತ್ತರದಲ್ಲೇ ಶುರುವಾಗುತ್ತದೆ. ಕೆಳಗಿಂದ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಆಮೇಲೆ ರಾಮಾಯಣ-ಮಹಾಭಾರತದ ಕಥೆ, ಮೊಸಳೆಯಂಥ ಮಕರ, ಕೊನೆಗೆ ಹಂಸ. ಮಕ್ಕಳಿಗೆ ಆನೆ ಸಾಲು ಕೊಟ್ಟು, "ಒಂದು ಆನೆ ಇನ್ನೊಂದರ ಥರ ಇದೆಯಾ ಹುಡುಕು" ಅಂದುಬಿಡಿ. ದೊಡ್ಡವರಿಗೆ ಒಂದು ಗಂಟೆ ಬಿಡುವು. ಚಕ್ರವ್ಯೂಹವನ್ನು ಕಲ್ಲಿನಲ್ಲಿ ಸುರುಳಿ ಸುತ್ತಿದ್ದಾರೆ, ಅದನ್ನು ಮಾತ್ರ ಗೈಡ್ ಕೇಳಿ ನೋಡಿ. ದೊಡ್ಡ ದೇವರ ಮೂರ್ತಿಗಳು ಜಾಸ್ತಿ ಇರುವುದು ಹಿಂಬದಿಯ ಪಶ್ಚಿಮದ ಗೋಡೆಯಲ್ಲಿ. ಅಲ್ಲಿಗೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಬೆಳಿಗ್ಗೆ ಬೇಲೂರು, ಸಂಜೆ ಹಳೇಬೀಡು. ಹಳೇಬೀಡಿನ ಮ್ಯೂಸಿಯಂ ಶುಕ್ರವಾರ ಬಾಗಿಲು ಹಾಕಿರುತ್ತದೆ.

ಈ ಊರು ಒಂದು ಕಾಲದಲ್ಲಿ ಹೊಯ್ಸಳರ ರಾಜಧಾನಿ, ದೋರಸಮುದ್ರ. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್‌ನ ದಂಡು ಬಂತು, ಮುಂದೆ ಊರೇ ಹಾಳಾಯಿತು. ಅಲ್ಲೇ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೆ ಬಹಳ ಜನ ಹೋಗುವುದೇ ಇಲ್ಲ. ಒಳಗಿನ ಕಂಬಗಳಿಗೆ ಎಂಥ ನಯ ಅಂದರೆ ನಿಮ್ಮ ಮುಖ ಕಾಣುತ್ತದೆ. ಹಾಸನಕ್ಕೆ ವಾಪಸು ಬರುವಾಗ ಸಮಯ ಇದ್ದರೆ ದೊಡ್ಡಗದ್ದವಳ್ಳಿಯ ಲಕ್ಷ್ಮೀ ದೇವಸ್ಥಾನ. ಅಲ್ಲಿ ಕಾಳಿ ಗುಡಿಯ ಬಾಗಿಲಲ್ಲಿ ಎಲುಬಿನ ಗೂಡಿನಂಥ ಬೇತಾಳಗಳಿವೆ. ನಮ್ಮ ಹುಡುಗರಿಗೆ ಇಡೀ ಟ್ರಿಪ್ಪಲ್ಲಿ ಹಿಡಿಸಿದ್ದು ಅದೇ.

ಈಗ ಬೆಟ್ಟದ ವಿಷಯ. ಚಿಕ್ಕಮಗಳೂರು ಅಂದರೆ ಎಲ್ಲರೂ ಮುಳ್ಳಯ್ಯನಗಿರಿ ಅನ್ನುತ್ತಾರೆ. ರಾಜ್ಯದಲ್ಲೇ ಎತ್ತರದ ಶಿಖರ, 1,930 ಮೀಟರ್, ನಿಜ. ಆದರೆ ಹತ್ತಿರದವರೆಗೂ ಕಾರು ಹೋಗುತ್ತದೆ, ಉಳಿದದ್ದು ಮೆಟ್ಟಿಲು. ವಾರಾಂತ್ಯದಲ್ಲಿ ಆ ಕಿರಿದಾದ ರಸ್ತೆಯಲ್ಲಿ ಸಾಲುಗಟ್ಟಿದ ಗಾಡಿ ನೋಡಿದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ನೆನಪಾಗುತ್ತದೆ. ಜನ ಜಾಸ್ತಿಯಾಗಿಯೇ ಈಗ ಗಾಡಿಗೆ ಮೊದಲೇ ಆನ್‌ಲೈನ್ ಬುಕಿಂಗ್ ತಂದಿದ್ದಾರೆ. ಅವ್ವ-ಅಪ್ಪನ್ನ ಕರೆದುಕೊಂಡು ಹೋಗಿ ಗಾಳಿ ಕುಡಿಸಿಕೊಂಡು ಬರಲು ಚೆನ್ನ. ಕಾಡು ಬೇಕು ಅನ್ನುವವರಿಗೆ ಅಲ್ಲ. ನಾನು ಹೋಲಿಸುತ್ತಿರುವುದು ಕುದುರೆಮುಖದ ಜೊತೆ.

ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಕಳಸ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವುದು ನಮ್ಮ ಕಡೆ ಪಾಪ. ಅಲ್ಲಿಂದಾಚೆ ತಿರುವುಗಳು ಶುರು. ಹೊಟ್ಟೆ ತೊಳಸುವವರು ದೋಸೆ ಸ್ವಲ್ಪ ಕಡಿಮೆ ತಿನ್ನಲಿ. ರಾತ್ರಿ ಕಳಸ ಅಥವಾ ಸಂಸೆ ಸುತ್ತಮುತ್ತ ಹೋಂಸ್ಟೇಯಲ್ಲಿ ಉಳಿದು, ಬೆಳಗಿನ ಜಾವ ಜೀಪಿನಲ್ಲಿ ಚಾರಣ ಶುರುವಾಗುವ ಮುಳ್ಳೋಡಿಗೆ. ಆ ದಾರಿಯಲ್ಲಿ ಜೀಪು ಕುಲುಕುವ ರೀತಿಗೆ ಸೊಂಟ ನೋವಿದ್ದವರು ಅಲ್ಲಿಂದಲೇ ವಾಪಸು ಹೋಗಬಹುದು. ಆಮೇಲೆ ಹೋಗಿಬರಲು ಸುಮಾರು 20 ಕಿಲೋಮೀಟರ್ ನಡಿಗೆ. ಶಿಖರ 1,894 ಮೀಟರ್. ಮೇಲೆ ರಾತ್ರಿ ಉಳಿಯಲು ಬಿಡುವುದಿಲ್ಲ, ಸಂಜೆಯೊಳಗೆ ಇಳಿಯಲೇಬೇಕು.

ಮಳೆಗಾಲದಲ್ಲಿ ಇದನ್ನು ಮಾಡಿದ್ದೇನೆ. ಹಸಿರು ಇತ್ತಾ? ಇತ್ತು, ಕಾಲಿನ ಸುತ್ತ ಹತ್ತು ಅಡಿ. ಉಳಿದದ್ದು ಬರೀ ಬಿಳಿ ಮಂಜು. ಒಂಟಿಮರ ಅನ್ನುವ ಜಾಗದಲ್ಲಿ ಆ ಮರವೇ ಕಾಣಿಸಲಿಲ್ಲ. ಹಳ್ಳ ದಾಟುವಾಗ ನೀರಿನ ಸೆಳೆತ, ಜಾರುವ ಕಲ್ಲು. ಇಂಬಳದ ಕಥೆ ಹೇಳುವುದೇ ಬೇಡ. ಉಪ್ಪಿನ ಗಂಟು, ಹೊಗೆಸೊಪ್ಪಿನ ಪುಡಿ, ನಿಂಬೆಹಣ್ಣು, ಎಲ್ಲ ಇತ್ತು. ಮಳೆಯಲ್ಲಿ ಹತ್ತು ಹೆಜ್ಜೆಗೆ ಎಲ್ಲ ತೊಳೆದುಹೋಗುತ್ತದೆ. ಇಂಬಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಸಾಕ್ಸ್ ಕೆಂಪಾದಾಗ ಗೊತ್ತಾಗುತ್ತದೆ. ಮೇಲೆ ಹೋದರೆ ಗಾಳಿ ನಿಲ್ಲಲು ಬಿಡಲಿಲ್ಲ. ಜೊತೆಗಿದ್ದ ಭಾವ ಕೈ ಚಾಚಿ, "ಇಲ್ಲೇ ಎಲ್ಲೋ ಕುದುರೆಮುಖ ಇದೆಯಂತೆ" ಅಂದರು. ಜೋರು ಮಳೆ ಹಿಡಿದರೆ ಚಾರಣವನ್ನೇ ನಿಲ್ಲಿಸುತ್ತಾರೆ, ರಸ್ತೆಯಲ್ಲಿ ಗುಡ್ಡ ಕುಸಿದರೆ ಅದು ಬೇರೆ.

ನವೆಂಬರ್ ಕಳೆದ ಮೇಲೆ ಹೋದಾಗ ಅದೇ ದಾರಿ ಅನ್ನಿಸಲೇ ಇಲ್ಲ. ಬೆಟ್ಟದ ಬೆನ್ನ ಮೇಲೆಲ್ಲ ಹುಲ್ಲು, ಎರಡು ಬೆಟ್ಟ ಕೂಡುವ ಮಡಿಕೆಯಲ್ಲಿ ಮಾತ್ರ ಕಪ್ಪು ಹಸಿರಿನ ಕಾಡು. ಇದೇ ಶೋಲಾ. ಮಳೆಯ ನೀರನ್ನು ಹುಲ್ಲು ಹೀರಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ, ಅದಕ್ಕೆ ಮಳೆ ನಿಂತು ತಿಂಗಳಾದರೂ ಹಳ್ಳದಲ್ಲಿ ಮೊಣಕಾಲುದ್ದ ತಿಳಿನೀರು. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲವೂ ಈ ಬೆಟ್ಟಸಾಲಿನದೇ. ಇದೇ ಸಾಲಿನಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆದರು. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಗೈಡ್ ಹುಡುಗ ಹುಲ್ಲಿನ ಮಧ್ಯೆ ಹೊಸ ಲದ್ದಿ ತೋರಿಸಿ, "ಕಡವೆದು ಸಾರ್, ಬೆಳಿಗ್ಗೆದು" ಅಂದ. ಮುಂದಿನ ತಿರುವಿನಲ್ಲಿ ಎಲ್ಲರೂ ತಾವಾಗಿಯೇ ಮಾತು ನಿಲ್ಲಿಸಿದ್ದೆವು. ಕಡವೆ ಸಿಗಲಿಲ್ಲ. ಆದರೆ ಮೇಲೆ ನಿಂತರೆ ಪಶ್ಚಿಮಕ್ಕೆ ಬೆಟ್ಟ ಕಡಿದಾಗಿ ಕರಾವಳಿಗೆ ಇಳಿಯುವುದು ಪೂರ್ತಿ ಕಾಣುತ್ತಿತ್ತು. ಬೇಸಿಗೆ ಬಂದರೆ ಕಾಳ್ಗಿಚ್ಚಿನ ಭಯಕ್ಕೆ ಮುಚ್ಚುವುದುಂಟು, ಹಾಗಾಗಿ ಜನವರಿಯೊಳಗೆ ಹೋಗಿಬರುವುದು ಒಳ್ಳೆಯದು. ಆ ಹೊತ್ತಿಗೆ ತೋಟಗಳಲ್ಲಿ ಅರೇಬಿಕಾ ಕೊಯ್ಲೂ ನಡೆಯುತ್ತಿರುತ್ತದೆ.

ಖರ್ಚಿನಲ್ಲಿ ಬೇಲೂರು ಅಗ್ಗ. ಬಸ್ಸಿದೆ, ಉಳಿಯಲು ದೇವಸ್ಥಾನದ ಹತ್ತಿರವೇ ಮಯೂರ ವೇಲಾಪುರಿ ಹೋಟೆಲ್ ಇದೆ, ಊಟಕ್ಕೆ ಹೋಟೆಲುಗಳಿವೆ. ಕುದುರೆಮುಖಕ್ಕೆ ಹೋಂಸ್ಟೇ, ಜೀಪು, ಪರ್ಮಿಟ್, ಗೈಡ್ ಎಲ್ಲ ಸೇರಿದರೆ ಅದರ ಎರಡು ಪಟ್ಟಾದರೂ ಆಗುತ್ತದೆ. ಆದರೆ ಊಟದಲ್ಲಿ ಬೆಟ್ಟಕ್ಕೇ ಮಾರ್ಕು. ಕಡುಬು, ಅಕ್ಕಿ ರೊಟ್ಟಿ, ಬಿಸಿ ಸಾರು, ನಡೆದು ಬಂದ ಹಸಿವು. ಬೇಲೂರಿನಲ್ಲಿ ತಿಂದದ್ದು ಏನು ಅಂತ ಈಗ ನೆನಪೂ ಇಲ್ಲ.

ಹೋಂಸ್ಟೇ ಆರಿಸುವಾಗ ಹುಷಾರು. ಒಂದು ಕಡೆ "ಕಾಡಿನ ಮಡಿಲಲ್ಲಿ ಶಾಂತ ವಾತಾವರಣ" ಅಂತ ಫೋಟೋ ಹಾಕಿದ್ದರು. ಹೋದರೆ ರಾತ್ರಿ ಹನ್ನೆರಡರವರೆಗೆ ಪಕ್ಕದ ಗುಂಪಿನ ಡಿಜೆ. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕಿತ್ತು ನಾವು. ಈಗ ಬುಕ್ ಮಾಡುವಾಗ ನಾನು ಕೇಳುವ ಮೊದಲ ಪ್ರಶ್ನೆ ಬಿಸಿನೀರಿನದ್ದಲ್ಲ, ಸ್ಪೀಕರಿನದ್ದು. ಬೇಲೂರು, ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಉಳಿಯುವವರಿಗೆ ಇನ್ನೊಂದು ಮಾತು: ಬಿಕ್ಕೋಡು ಸುತ್ತಮುತ್ತ ಕಾಡಾನೆ ಓಡಾಡುತ್ತವೆ. ಕತ್ತಲಾದ ಮೇಲೆ ತೋಟದಲ್ಲಿ ವಾಕಿಂಗ್ ಬೇಡ. ಮನೆಯವರು "ಇವತ್ತು ಹೊರಗೆ ಬರಬೇಡಿ" ಅಂದರೆ ತಮಾಷೆ ಅಂದುಕೊಳ್ಳಬೇಡಿ.

ಎರಡು ದಿನದಲ್ಲಿ ಎರಡೂ ಮುಗಿಸುತ್ತೇವೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುವುದು. ದಾರಿಯಲ್ಲೇ ಬೇಲೂರು ಸಿಗುತ್ತದೆ, ಒಂದು ಗಂಟೆ ಇಳಿದು ನೋಡೋಣ ಅನ್ನುತ್ತಾರೆ. ಆ ಒಂದು ಗಂಟೆಯಲ್ಲಿ ಕಣ್ಣಿಗಿಂತ ಕ್ಯಾಮೆರಾಗೇ ಕೆಲಸ ಜಾಸ್ತಿ. ಆಮೇಲೆ ತಡವಾಗಿ ಹೊರಟು ಕತ್ತಲಲ್ಲಿ ಘಟ್ಟದ ತಿರುವುಗಳು, ಮರುದಿನ ನಿದ್ದೆಗಣ್ಣಲ್ಲಿ ಬೆಟ್ಟ. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರೆ ಕಾಲ ಯಾವುದೇ ಇರಲಿ, ಹಳೇಬೀಡೇ ಸರಿ. ಬೇಸಿಗೆಯಾದರೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ, ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ನಾಲ್ಕು ಜನ ಗೆಳೆಯರು, ಮಂಡಿ ಗಟ್ಟಿ ಇದೆ, ಡಿಸೆಂಬರ್ ತಿಂಗಳು ಅಂದರೆ ಎರಡನೇ ಮಾತಿಲ್ಲ, ಕುದುರೆಮುಖ.

ಆದರೆ ಕುದುರೆಮುಖಕ್ಕೆ ಮೊದಲು ಅರಣ್ಯ ಇಲಾಖೆಯ ಆನ್‌ಲೈನ್ ಪರ್ಮಿಟ್ ನೋಡಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ-ಭಾನುವಾರದ್ದು ಬೇಗ ಖಾಲಿಯಾಗುತ್ತದೆ. ಅದು ಕೈಗೆ ಬಂದ ಮೇಲೆ ಹೋಂಸ್ಟೇಗೆ ಅಡ್ವಾನ್ಸ್ ಹಾಕಿ. ಪರ್ಮಿಟ್ ಸಿಗದಿದ್ದರೆ ವಾರದ ನಡುವೆ ಒಂದು ದಿನ ರಜೆ ಹಾಕುವುದೇ ವಾಸಿ. ಬುಧವಾರದ ಬೆಟ್ಟದಲ್ಲಿ ಡಿಜೆ ಗುಂಪುಗಳೂ ಕಡಿಮೆ.