ವಾಲ್ವೋ, ಸಾಕೆಟ್ಟೋ, ರೆಸಿಸ್ಟರೋ: ಹೆಡ್‌ಫೋನ್ ಆಂಪ್ಲಿಫೈಯರಿನ ಚಟಪಟಕ್ಕೆ ಮೂರು ಮದ್ದು

ಮನೆಯಲ್ಲೇ ಕಟ್ಟಿದ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರಿನಲ್ಲಿ ಸದಾ ಕೇಳುವ ಹಮ್ ಅನ್ನು ಹುಡುಕಿ ಹಿಡಿಯಬಹುದು. ಆಗೊಮ್ಮೆ ಈಗೊಮ್ಮೆ ಬಂದು, ಕೆಳಗಿನ ತಗಡು ಬಿಚ್ಚಿದ ಕೂಡಲೇ ಮಾಯವಾಗುವ ಚಟಪಟವೇ ದೊಡ್ಡ ತಲೆನೋವು. ನನ್ನದು ಇಸಿಸಿ82 ಎಂಬ ವಾಲ್ವ್ ಮುಂದೆ, 6080 ಎಂಬ ವಾಲ್ವ್ ಹಿಂದೆ ಇರುವ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಸರ್ಕ್ಯೂಟ್. 300 ಓಮ್ ಹೆಡ್‌ಫೋನಿಗೆಂದೇ ಕಟ್ಟಿದ್ದು. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮಳೆ ಹಿಡಿದುಕೊಂಡಂತೆ ಎಡಗಿವಿಯಲ್ಲಿ ಸದ್ದು ಶುರುವಾಯಿತು. ಬಲ್ಲವರು ಹೇಳುವ ಮದ್ದು ಮೂರು: ಹೊಸ ವಾಲ್ವ್ ಹಾಕು, ವಾಲ್ವ್ ಕೂರುವ ಸಾಕೆಟ್ ನೋಡು, ಪ್ಲೇಟ್ (ವಾಲ್ವಿನಿಂದ ಸಿಗ್ನಲ್ ಹೊರಬರುವ ತುದಿ) ರೆಸಿಸ್ಟರ್ ಬದಲಿಸು. ಮೂರನ್ನೂ ಮಾಡಿ ನೋಡಿದ್ದೇನೆ.

ಕೇಳಿ ನೋಡಲು ಬಳಸಿದ್ದು ತಾಳಮದ್ದಳೆಯ ಒಂದು ಧ್ವನಿಮುದ್ರಣ. ಅರ್ಥಧಾರಿ ಮಾತಿನ ನಡುವೆ ಉಸಿರು ತೆಗೆದುಕೊಳ್ಳುವಷ್ಟು ಹೊತ್ತಿನಲ್ಲಿ ಸಣ್ಣ 'ಚಟ್' ಕೂಡ ಅಡಗುವುದಿಲ್ಲ. ಚೆಂಡೆ ಎದ್ದರೆ ಮಾತ್ರ ಎಲ್ಲವೂ ಅದರಡಿ ಮುಚ್ಚಿಹೋಗುತ್ತದೆ.

ಮೊದಲು ವಾಲ್ವ್. ಎರಡು ಕಿವಿಗೆ ಎರಡು ಬೇರೆ ವಾಲ್ವ್ ಇರುವ ಸರ್ಕ್ಯೂಟಾದರೆ ಅದಲುಬದಲು ಮಾಡಿದರೆ ಮುಗಿಯಿತು: ಸದ್ದು ಇನ್ನೊಂದು ಕಿವಿಗೆ ಹೋದರೆ ವಾಲ್ವಿನದ್ದೇ ತಪ್ಪು. ನನ್ನದರಲ್ಲಿ ಒಂದೇ ಇಸಿಸಿ82ರೊಳಗಿನ ಎರಡು ಟ್ರಯೋಡುಗಳು (ಒಂದೇ ಗಾಜಿನೊಳಗಿನ ಎರಡು ಬಿಡಿ ವಾಲ್ವುಗಳು) ಎರಡು ಕಿವಿಗೆ ದುಡಿಯುತ್ತವೆ, ಹಾಗಾಗಿ ಹೊಸದೇ ಬೇಕಾಯಿತು. ಹಾಕಿದೆ, ಸದ್ದು ನಿಂತಿತು. ಇಲ್ಲಿಗೆ ಬಿಟ್ಟುಬಿಡುವವರೇ ಹೆಚ್ಚು. ಹಳೆಯದನ್ನೇ ಮತ್ತೆ ಚುಚ್ಚಿ ನೋಡಿದರೆ ಅದೂ ಅಷ್ಟೇ ಸ್ವಚ್ಛ! ಕೆಲವು ದಿನ ಕಳೆದು, ಯಾವ ವಾಲ್ವ್ ಇದ್ದರೂ ಚಟಪಟ ತಿರುಗಿ ಬಂತು. ಎಳೆದು ಚುಚ್ಚುವಾಗ ಪಿನ್ನಿನ ಮೇಲಿನ ಕಿಲುಬು ಉಜ್ಜಿ ಹೋಗಿದ್ದೇ ಆ ತಾತ್ಕಾಲಿಕ ವಾಸಿಗೆ ಕಾರಣ. ಹೊಸ ವಾಲ್ವಿಗೆ ಸಾವಿರಗಟ್ಟಲೆ ಸುರಿಯುವ ಮೊದಲು ಹಳೆಯದನ್ನೇ ಬಿಚ್ಚಿ ಹಾಕಿ ನೋಡಲೇಬೇಕು.

ಸಾಕೆಟ್ಟಿನ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ ಆಟಿ ತಿಂಗಳ ಥಂಡಿ ಲೋಹವನ್ನೂ ಬಿಡುವುದಿಲ್ಲ, ಸಾಕೆಟ್ಟಿನ ಬೇಕಲೈಟ್ ಪ್ಲಾಸ್ಟಿಕ್ಕನ್ನೂ ಬಿಡುವುದಿಲ್ಲ. ಇಸಿಸಿ82ರ ಪ್ಲೇಟಿನಲ್ಲಿ ಹರಿಯುವುದು ಕೆಲವೇ ಮಿಲಿಆಂಪಿಯರ್, ಸಿಗ್ನಲ್ ಒಳಬರುವ ತುದಿಯಾದ ಗ್ರಿಡ್ಡಿನಲ್ಲಿ ಹೆಚ್ಚುಕಮ್ಮಿ ಸೊನ್ನೆ. ಇಷ್ಟು ಸಣ್ಣ ಕರೆಂಟಿಗೆ ಕಿಲುಬಿನ ಪದರವನ್ನು ಸುಟ್ಟು ದಾಟುವ ಶಕ್ತಿಯಿಲ್ಲ. ವಾಲ್ವ್ ಕಾದು ಪಿನ್ನು ಕೂದಲೆಳೆಯಷ್ಟು ಅಲುಗಿದರೂ ಸಂಪರ್ಕ ಬಿಟ್ಟು ಹಿಡಿಯುತ್ತದೆ. ಇನ್ನೊಂದು ಸಂಗತಿ, ಪಿನ್ನುಗಳ ಕ್ರಮ: ಪಿನ್ 1 ಪ್ಲೇಟ್, 2 ಗ್ರಿಡ್, 6 ಪ್ಲೇಟ್, 7 ಗ್ರಿಡ್. ಎರಡೂ ಕಡೆ ಅಕ್ಕಪಕ್ಕದ ಮನೆ. ಪ್ಲೇಟಿನಲ್ಲಿ 90 ವೋಲ್ಟ್ ಇದ್ದು, ತೇವ ಹಿಡಿದ ಬೇಕಲೈಟಿನ ಮೂಲಕ 1000 ಮೆಗಾಓಮಿನ ಸೋರಿಕೆಯಾದರೂ ಸಾಕು. 100 ಕಿಲೋಓಮಿನ ವಾಲ್ಯೂಮ್ ಕಂಟ್ರೋಲ್ ನಡುವಿನಲ್ಲಿದ್ದಾಗ ಗ್ರಿಡ್ಡಿಗೆ 2 ಮಿಲಿವೋಲ್ಟ್ ತಲುಪುತ್ತದೆ. ಆ ಸೋರಿಕೆ ಏರಿಳಿದಂತೆಲ್ಲ ಕಿವಿಯಲ್ಲಿ ಕರಕರ. ವಾಲ್ಯೂಮ್ ಸೊನ್ನೆಗೆ ಇಳಿಸಿದಾಗ ಸದ್ದು ಅಡಗಿದರೆ ಗ್ರಿಡ್ಡಿನ ಕಡೆ ಹುಡುಕಿ, ಅಡಗದಿದ್ದರೆ ಪ್ಲೇಟಿನ ಕಡೆ. ನನ್ನದು ಅಡಗುತ್ತಿತ್ತು.

ಸಾಕೆಟ್ಟಿಗೂ ಎರಡು ದಾರಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಸೂಜಿಯಿಂದ ಒಳಗಿನ ತಗಡನ್ನು ತುಸು ಬಿಗಿ ಮಾಡುವುದು ಒಂದು. ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಬೇಡ, ಕೆಲವದರಲ್ಲಿ ಎಣ್ಣೆಯ ಅಂಶ ಇರುತ್ತದೆ. ಈ ದಾರಿಯಲ್ಲಿ ಸದ್ದು ತುಂಬ ಇಳಿಯಿತು, ಆದರೆ ಒಂದು ವಾರ ಬಿಡದೆ ಮಳೆ ಹೊಡೆದಾಗ ಸಣ್ಣಗೆ ಮರಳಿತು. ಬೇಕಲೈಟ್ ಕಿತ್ತು ಸೆರಾಮಿಕ್ ಸಾಕೆಟ್ ಕೂರಿಸುವುದು ಎರಡನೆಯದು. ಒಂಬತ್ತು ಕಾಲುಗಳ ವಯರಿಂಗ್ ಬಿಚ್ಚಿ ಮತ್ತೆ ಬೆಸೆಯುವುದು ಬೇಸರದ ಕೆಲಸವೇ, ಆದರೆ ಸಾಕೆಟ್ಟಿನ ಬೆಲೆ ನೂರಿನ್ನೂರು ರೂಪಾಯಿಯ ಒಳಗೆ. ಮಳೆಗಾಲ ಮುಗಿಯುವವರೆಗೂ ಅರ್ಥಗಾರಿಕೆ ಸ್ಪಷ್ಟ ಕೇಳಿತು. ಕರಾವಳಿಯಲ್ಲಿ ಕಟ್ಟುವವರಿಗೆ ನನ್ನ ಮತ ಇದಕ್ಕೇ. ಘಟ್ಟದ ಮೇಲಿನ ಒಣ ಊರಿನವರಿಗೆ ತೊಳೆದು ಬಿಗಿ ಮಾಡಿದರೆ ಸಾಕಾದೀತು.

ರೆಸಿಸ್ಟರಿನ ಮದ್ದನ್ನು ಸಾಕೆಟ್ಟಿಗೆ ಕೈ ಹಾಕುವ ಮೊದಲೇ ಮಾಡಿ ನೋಡಿದ್ದೆ, ನನ್ನ ಸದ್ದಿಗೆ ಅದು ನಾಟಲಿಲ್ಲ. 22 ಕಿಲೋಓಮಿನ ಹಳೆಯ ಕಾರ್ಬನ್ ಕಾಂಪೊಸಿಷನ್ ಜೋಡಿ ತೆಗೆದು ಒಂದು ವ್ಯಾಟಿನ ಮೆಟಲ್ ಫಿಲ್ಮ್ ಹಾಕಿದಾಗ ಹಿಂದೆ ಸದಾ ಇದ್ದ 'ಸ್ಸ್' ಕಮ್ಮಿಯಾಯಿತು, ಚಟಪಟ ಹಾಗೆಯೇ ಉಳಿಯಿತು. ಹತ್ತು ರೂಪಾಯಿಯ ಒಳಗಿನ ಖರ್ಚು; ಚಟಪಟ ಇರಲಿ ಬಿಡಲಿ, ಮಾಡಿಸಿಕೊಳ್ಳಲು ಯೋಗ್ಯ. ಕಾದಂತೆಲ್ಲ ಹೆಚ್ಚುವ, ವಾಲ್ಯೂಮಿಗೆ ಜಗ್ಗದ ಸದ್ದಾದರೆ ಇಲ್ಲಿಂದಲೇ ಶುರುಮಾಡಿ.

ಚಾಲೂ ಇರುವಾಗ ತಟ್ಟಿ ನೋಡುವುದಾದರೆ ಮರದ ಕಡ್ಡಿ ಬೇಡ, ಮಳೆಗಾಲದಲ್ಲಿ ಅದೂ ನೀರು ಕುಡಿದಿರುತ್ತದೆ. ಪ್ಲಾಸ್ಟಿಕ್ ಹೆಣಿಗೆ ಕಡ್ಡಿ ಹಿಡಿಯಿರಿ, ಇನ್ನೊಂದು ಕೈ ಬೆನ್ನ ಹಿಂದೆ. ಒಳಗೆ 170 ವೋಲ್ಟ್ ಇದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಬೆಸುಗೆಗೆ ಮೊದಲು ಮೀಟರಿನಲ್ಲಿ ಅಳೆಯಿರಿ. ಒಳ್ಳೆಯ ಹೆಡ್‌ಫೋನನ್ನು ಇಂಥ ಹೊತ್ತಿನಲ್ಲಿ ಚುಚ್ಚಬೇಡಿ, ಹಳೆಯದೊಂದು ಸಾಕು, ಅದನ್ನೂ ಕಿವಿಗೆ ಏರಿಸದೆ ಮೇಜಿನ ಮೇಲಿಟ್ಟು ಕೇಳಿ.